ಎರಡನೆಯ ಗುದ್ದಲಿ

ಮೊನ್ನೆ ಬಂಧುಗಳೊಬ್ಬರನ್ನು ನೋಡಲು ಸಿರುಗುಪ್ಪಕ್ಕೆ ಹೋಗಿದ್ದೆ. ಕಾಲುವೆಗೆ ನೀರು ನಿಲ್ಲಿಸಿ ಹೂಳು ತೆಗೆಯುವ ದಿನಗಳು. ದಂಡೆಯ ಉದ್ದಕ್ಕೂ ಕರಿ ಹೂಳಿನ ಗುಡ್ಡೆಗಳು ಬಿಸಿಲಿಗೆ ಬಿರಿಯುತ್ತಿದ್ದವು. ಸತ್ತ ಮೀನು, ಕೊಳೆತ ಜೊಂಡು, ಹಸಿ ಮಣ್ಣು ಎಲ್ಲ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿಯೇ ಮುಷ್ಟಿ ಕಟ್ಟಿತು. ಅರವತ್ತು ದಾಟಿದ ಮುದುಕ ನಾನು. ಆದರೂ ಆ ವಾಸನೆಗೆ ಇವತ್ತಿಗೂ ಯಾರನ್ನಾದರೂ ಹೊಡೆಯಬೇಕು ಅನ್ನಿಸುತ್ತದೆ. ಯಾರನ್ನು ಎಂದು ಕೇಳಿದರೆ, ಮೊದಲು ನನ್ನನ್ನೇ.

ನನ್ನನ್ನು ಬಳ್ಳಾರಿಯ ಕಾಲೇಜಿಗೆ ಕಳಿಸಬೇಕೋ ಬೇಡವೋ ಎಂದು ನಮ್ಮ ಮನೆಯಲ್ಲಿ ಹೊಡೆದಾಡಿದ ವರ್ಷ ಒಂದಿತ್ತು. ಹೊಡೆದಾಟ ಎಂದು ಮಾತಿಗೆ ಹೇಳುತ್ತಿಲ್ಲ. ರಕ್ತ ಬರುವಂತೆ ಹೊಡೆದಾಡಿದೆವು.

ಆಗ ನನಗೆ ಹದಿನೆಂಟು. ಬಳ್ಳಾರಿಯಲ್ಲಿದ್ದು ಮೆಟ್ರಿಕ್ ಪಾಸು ಮಾಡಿದ್ದೆ. ಮುಂದೆ ಓದಬೇಕಾದರೆ ಮದರಾಸಿಗೇ ಹೋಗಬೇಕಿತ್ತು. ಅದೇ ವರ್ಷ ಊರಿನ ಕೆಲವು ದೊಡ್ಡಮನುಷ್ಯರು ಸೇರಿ ಕೋಟೆಯ ಕೆಳಗೆ ಒಂದು ಬಾಡಿಗೆ ಬಂಗಲೆಯಲ್ಲಿ ಸ್ವಂತ ಕಾಲೇಜು ತೆರೆದರು. ಸರ್ಕಾರದ್ದಲ್ಲ, ಖಾಸಗಿ. ಬಿ.ಎ.ಗೆ ಮುಂಚಿನ ಎಫ್.ಎ. ತರಗತಿ ಎರಡು ವರ್ಷ. ಎರಡು ವರ್ಷದ ಫೀಜನ್ನೂ ಒಟ್ಟಿಗೆ ಮೊದಲೇ ಕಟ್ಟಬೇಕು. ಒಮ್ಮೆ ಕಟ್ಟಿದ ಮೇಲೆ ಸತ್ತರೂ ತಿರುಗಿ ಕೊಡುವುದಿಲ್ಲ ಎಂದು ಅಲ್ಲಿಯ ಗುಮಾಸ್ತ ನಗುತ್ತಲೇ ಹೇಳಿದ್ದ. ನನಗೆ ವಕೀಲನಾಗುವ ಹುಚ್ಚು. ತಹಶೀಲ್ದಾರರ ಕಚೇರಿಯಲ್ಲಿ ಒಬ್ಬ ಮೀಸೆ ಮೂಡದ ಗುಮಾಸ್ತ ನಮ್ಮಪ್ಪನನ್ನು ‘ಏ, ಇಲ್ಲಿ ಬಾ’ ಎಂದು ಕರೆದದ್ದನ್ನು ಚಿಕ್ಕಂದಿನಲ್ಲಿ ಕಣ್ಣಾರೆ ನೋಡಿದ್ದೆ. ಆ ಸಿಟ್ಟು ಇಳಿದೇ ಇರಲಿಲ್ಲ.

ಫೀಜಿನ ಮಾತು ಒಂದೇ ಸಂಜೆಯಲ್ಲಿ ಮುಗಿಯಿತು. ಅವ್ವ ತನ್ನ ಕೊರಳಿನ ಸರ ಬಿಚ್ಚಿ ಅಪ್ಪನ ಮುಂದೆ ಇಟ್ಟಳು, ಒಳಗೆ ಹೋದಳು. ಅಸಲು ತಂಟೆ ಬಂದದ್ದು ಗುದ್ದಲಿಯಿಂದ.

ಹೊಳೆಯ ಕಾಲುವೆಯ ನೀರುಣ್ಣುವ ನಮ್ಮ ಕಡೆಯ ಗದ್ದೆಯವರಿಗೆ ಒಂದು ಕಟ್ಟಳೆ ಇತ್ತು. ಪೂರ್ತಿ ಪಾಲಿನ ನೀರು ಬೇಕಾದರೆ ಮನೆಯಿಂದ ಎರಡು ಗುದ್ದಲಿ ಬರಬೇಕು, ಅಂದರೆ ಇಬ್ಬರು ಗಂಡಸರು. ಬೇಸಿಗೆಯಲ್ಲಿ ಹೂಳು ತೆಗೆಯಬೇಕು, ನೀರು ಬಂದ ಮೇಲೆ ತಮ್ಮ ಸರದಿಯ ದಿನ ತೂಬಿನ ಹತ್ತಿರ ಕಾವಲು ನಿಲ್ಲಬೇಕು. ಒಬ್ಬನೇ ಬಂದರೆ ಅರ್ಧ ನೀರು. ಕೂಲಿಯವನನ್ನು ಕಳಿಸಿದರೆ ಅದು ಗುದ್ದಲಿ ಅಲ್ಲವೇ ಅಲ್ಲ. ಸರದಿಯ ಜಗಳದಲ್ಲಿ ಕೂಲಿಯವನು ಓಡಿಹೋಗುತ್ತಾನೆ, ಮನೆಯ ಮಗ ಓಡುವುದಿಲ್ಲ ಎಂಬುದು ಹಿರಿಯರ ಲೆಕ್ಕ. ಮನೆಯಳಿಯ ಬಂದರೆ ಅವನು ಮಗನ ಸಮ. ಅಪ್ಪನ ಬಲಗೈಯ ಮೂರು ಬೆರಳು ಹಿಂದಿನ ವರ್ಷವಷ್ಟೇ ಇಂಥದೇ ಒಂದು ಜಗಳದಲ್ಲಿ ಹೋಗಿದ್ದವು, ಹಾಗಾಗಿ ಅವನ ಗುದ್ದಲಿ ಲೆಕ್ಕದಿಂದ ಬಿಟ್ಟುಹೋಗಿತ್ತು. ಉಳಿದವರು ನಮ್ಮಣ್ಣ ವಿರುಪಣ್ಣ ಮತ್ತು ನಾನು.

"ಇವ ಓದಾಕ ಹೋದ್ರ ಅರ್ಧ ಗದ್ದಿ ಒಣಗ್ತೈತಿ," ಎಂದ ವಿರುಪಣ್ಣ. "ಅದರ ಬೆಲಿ ಯಾವ ಮಾಸ್ತರ ಕೊಡ್ತಾನ?"

"ಎರಡ ವರ್ಷ, ಅಣ್ಣಾ. ಆಮ್ಯಾಲೆ ಬರ್ತೀನಿ."

"ಆಮ್ಯಾಲೆ ಕೋಟು ಹಾಕ್ಕೊಂಡು ಬರ್ತಿ. ಕೋಟಿನಾವ ಹೂಳಿಗೆ ಇಳೀತಾನೇನಲೇ?"

ಅವನ ಮಾತು ನಿಜವಾಗಿತ್ತು. ನಿಜವಾಗಿದ್ದದ್ದಕ್ಕೇ ನನಗೆ ತಡೆಯಲಿಲ್ಲ. ಕೈಗೆ ಸಿಕ್ಕ ಹಿತ್ತಾಳೆ ಚೊಂಬನ್ನು ಬೀಸಿ ಒಗೆದೆ. ಅವನ ಹುಬ್ಬು ಹರಿದು ಕಣ್ಣೊಳಗೆ ರಕ್ತ ಇಳಿಯಿತು. ಅವನು ನನ್ನ ಜುಟ್ಟು ಹಿಡಿದು ಅಂಗಳಕ್ಕೆ ಎಳೆದೊಯ್ದು, ದನಗಳ ಮುಸುರೆ ಬಾನಿಯಲ್ಲಿ ನನ್ನ ತಲೆ ಅದುಮಿದ. ಉಸಿರು ಕಟ್ಟಿ ಮುಸುರೆ ಕುಡಿದೆ. ಅಪ್ಪ ಎಡಗೈಯಲ್ಲಿ ಬಾರುಕೋಲು ಹಿಡಿದು ಬಂದು ಇಬ್ಬರಿಗೂ ಬಾರಿಸಿದ. ಬಿಡಿಸಲು ನಡುವೆ ಬಂದ ನೀಲಕ್ಕನ ಕುತ್ತಿಗೆಗೂ ಒಂದು ಏಟು ಬಿತ್ತು. ಅವಳಿಗೆ ಬಿದ್ದ ಮೇಲೆಯೇ ಎಲ್ಲರೂ ನಿಂತದ್ದು.

ನೀಲಕ್ಕ ನನಗಿಂತ ಐದು ವರ್ಷ ದೊಡ್ಡವಳು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ತವರಿಗೆ ಬಂದು ಎರಡು ವರ್ಷವಾಗಿತ್ತು. ದನ, ಕೊಟ್ಟಿಗೆ, ಅಡುಗೆ ಎಲ್ಲ ಅವಳದೇ. ಮನೆಯಲ್ಲಿ ನಗುವವಳು ಅಂದರೆ ಅವಳೊಬ್ಬಳೇ. ಅವಳು ಇರುವುದನ್ನೇ ನಾವು ಮರೆತುಬಿಟ್ಟಿದ್ದೆವು. ಆ ದಿನ ಕುತ್ತಿಗೆಯ ಬಾಸುಂಡೆ ಸವರಿಕೊಳ್ಳುತ್ತ ನಿಂತಾಗ ಅಪ್ಪನ ಕಣ್ಣು ಅವಳ ಮೇಲೆ ಬಿತ್ತು.

"ನೀಲವ್ವಗ ಉಡಿಕಿ ಮಾಡೋಣು," ಎಂದ. "ಗಟ್ಟಿ ಆಳು ಒಬ್ಬನ್ನ ಮನಿ ಅಳಿಯನ್ನ ಮಾಡ್ಕೊಂಡ್ರ ಎರಡನೇ ಗುದ್ದಲಿ ಆತು."

ನಮ್ಮಲ್ಲಿ ಗಂಡ ಸತ್ತವಳಿಗೆ ಇನ್ನೊಬ್ಬನಿಂದ ಸೀರೆ ಉಡಿಸಿ ಮತ್ತೆ ಸಂಸಾರ ಕಟ್ಟುವುದುಂಟು. ವಾಲಗವಿಲ್ಲ, ಹಂದರವಿಲ್ಲ. ಅದೇ ಉಡಿಕೆ. ತಪ್ಪೇನೂ ಅಲ್ಲ, ಎಷ್ಟೋ ಹೆಣ್ಣುಮಕ್ಕಳು ಹಾಗೆ ಮತ್ತೆ ಬದುಕು ಕಂಡಿದ್ದಾರೆ. ಆದರೆ ಅಕ್ಕನಿಗೆ ಬೇಕಾಗಿರಲಿಲ್ಲ.

"ನನಗ ಬ್ಯಾಡ ಯಪ್ಪಾ," ಎಂದಳು. "ನಾ ಇಲ್ಲೇ ದನಾ ನೋಡ್ಕೊಂಡು ಇರ್ತೀನಿ."

ವಿರುಪಣ್ಣ ಅವಳ ಕೆನ್ನೆಗೆ ಹೊಡೆದ. ಇನ್ನೊಂದು ಹೊಡೆಯಲು ಕೈ ಎತ್ತಿದ. ಅವಳು ಅವನ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿ, "ನಿನಗ ಆ ಸಾಲಿ ಬೇಕಾ?" ಎಂದು ಕೇಳಿದಳು.

ಬೇಡ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟು ಸಣ್ಣ ಮಾತು. ನಾನು ನೆಲ ನೋಡುತ್ತ "ಬೇಕು" ಎಂದೆ. ಥೂ ನನ್ನ ಬಾಯಿಗೆ ಬೆಂಕಿ ಬೀಳಲಿ.

"ಹಂಗಾರ ಆಗ್ಲಿ," ಎಂದು ಅಕ್ಕ ಬಾನಿಯಿಂದ ಚೆಲ್ಲಿದ ಮುಸುರೆ ಬಳಿಯಲು ಕೂತಳು.

ಗಂಡು ಕುರುಗೋಡಿನಲ್ಲಿ ಸಿಕ್ಕ. ಹೆಸರು ಕೊಟ್ರಪ್ಪ, ಹಿಂದೆ ಮುಂದೆ ಯಾರೂ ಇಲ್ಲದವನು. ಅವನನ್ನು ನೋಡಲು ಅಪ್ಪ, ಅಣ್ಣ, ನಾನು ಮೂವರೂ ಹೋದೆವು. ಬಸವಣ್ಣನ ಗುಡಿಯ ಹೊರಗೆ ಹುಡುಗರು ಎತ್ತಿ ಪಂಥ ಕಟ್ಟುವ ಗುಂಡುಕಲ್ಲೊಂದು ಬಿದ್ದಿತ್ತು. ಅಪ್ಪ ಅದನ್ನು ತೋರಿಸಿದ. ಕೊಟ್ರಪ್ಪ ಧೋತರ ಎತ್ತಿ ಕಟ್ಟಿ, ಕಲ್ಲನ್ನು ಮೊಣಕಾಲಿಗೆ, ಎದೆಗೆ, ಹೆಗಲಿಗೆ ಏರಿಸಿ ಹಿಂದಕ್ಕೆ ಕೆಡವಿದ. ನೆಲ ಅದುರಿತು. ಅಪ್ಪ ಎತ್ತು ಕೊಳ್ಳುವವನ ಹಾಗೆ ಅವನ ತೋಳು, ತೊಡೆ ಮುಟ್ಟಿ ನೋಡಿ ತಲೆ ಆಡಿಸಿದ. ಕಲ್ಲು ಎತ್ತುವವನು ಕಾಲುವೆಯಲ್ಲಿ ನಿಲ್ಲುತ್ತಾನೆ ಎಂದು ಮೂವರೂ ನಂಬಿದೆವು. ತಿರುಗಿ ಹೊಡೆಯದ ವಸ್ತುವಿನ ಮೇಲೆ ಶಕ್ತಿ ತೋರಿಸುವುದು ಬೇರೆ, ಗುದ್ದಲಿ ಹಿಡಿದವರ ಎದುರು ನಿಲ್ಲುವುದು ಬೇರೆ ಎಂಬುದು ಒಬ್ಬನ ತಲೆಗೂ ಬರಲಿಲ್ಲ. ಎಂಟು ದಿನದ ಮೇಲೆ ಒಂದು ಮಧ್ಯಾಹ್ನ, ಕುರುಗೋಡಿನ ನಮ್ಮ ಅತ್ತೆಯ ಮನೆಯ ಹಿಂದಿನ ಕೋಣೆಯಲ್ಲಿ ಉಡಿಕೆ ಮುಗಿಯಿತು. ನಾನು ಅಲ್ಲಿಂದಲೇ ಬಳ್ಳಾರಿಯ ಗಾಡಿ ಹತ್ತಿದೆ.

ಗಾಡಿ ಖಾದರ್‌ಸಾಬರದು. ಸಿರುಗುಪ್ಪದ ಅಕ್ಕಿ ಬಳ್ಳಾರಿಗೆ, ಬಳ್ಳಾರಿಯ ಉಪ್ಪು, ಬಟ್ಟೆ ಸಿರುಗುಪ್ಪಕ್ಕೆ ಹೊಡೆಯುತ್ತಿದ್ದ ಮನುಷ್ಯ. ಕೌಲ್ ಬಜಾರಿನಲ್ಲಿ ಅವರ ಗಾಡಿ ನಿಲ್ಲಿಸುವ ಹಿತ್ತಲಿನ ಪಕ್ಕದಲ್ಲೇ ನನಗೊಂದು ಕೋಣೆ ಹಿಡಿದುಕೊಟ್ಟರು. ನಾನೇ ಅಡುಗೆ ಮಾಡಿಕೊಂಡು ಓದುತ್ತಿದ್ದೆ.

ಆ ಕಾಲೇಜಿನ ಬಗ್ಗೆ ಏನು ಹೇಳಲಿ. ಮೂರು ಕೋಣೆ, ಒಂದು ಗೋಡೆ ಗಡಿಯಾರ, ಮದರಾಸಿನಿಂದ ಬಂದ ಒಬ್ಬ ಪ್ರಿನ್ಸಿಪಾಲರು. ಮೂರನೆಯ ತಿಂಗಳಿಗೆ ಗಣಿತದ ಮಾಸ್ತರು ಸಂಬಳದ ಜಗಳ ಮಾಡಿ ಹೊರಟುಹೋದರು. ಅವರ ಜಾಗಕ್ಕೆ ಬಹಳ ದಿನ ಯಾರೂ ಬರಲಿಲ್ಲ. ತರ್ಕಶಾಸ್ತ್ರವನ್ನು ಪ್ರಿನ್ಸಿಪಾಲರು ಚೆನ್ನಾಗಿ ಹೇಳುತ್ತಿದ್ದರು, ಅದು ಮಾತ್ರ ಸುಳ್ಳಲ್ಲ. ಅವರ ಪಾಠ ನಡೆಯುವಾಗ ನನ್ನ ತಲೆಯೊಳಗಿನ ಗಲಾಟೆ ನಿಲ್ಲುತ್ತಿತ್ತು. ಉಳಿದ ಹೊತ್ತು ಸಿಟ್ಟೇ. ಸಾಹುಕಾರರ ಮಗನೊಬ್ಬ ತೆಲುಗಿನಲ್ಲಿ, ಇವನ ಮೈ ಕೆಸರು ನಾರುತ್ತದೆ ಎಂದ. ನನಗೆ ತೆಲುಗು ಬರುವುದಿಲ್ಲ ಎಂದು ತಿಳಿದಿದ್ದನೋ ಏನೋ. ಮೆಟ್ಟಿಲಿನ ಮೇಲೆ ಅವನ ಮುಂದಿನ ಹಲ್ಲು ಉದುರಿಸಿದೆ. ಪ್ರಿನ್ಸಿಪಾಲರು ನನ್ನ ಅಂಗೈ ಒಡೆಯುವವರೆಗೆ ಬೆತ್ತದಿಂದ ಹೊಡೆದು, ಇನ್ನೊಮ್ಮೆ ತಪ್ಪಿದರೆ ಹೆಸರು ಹೊಡೆದುಹಾಕುತ್ತೇನೆ ಎಂದರು.

ಯುಗಾದಿಗೆ ಊರಿಗೆ ಹೋದೆ. ಅಕ್ಕನ ಒಂದು ಕಣ್ಣು ಮುಚ್ಚಿಹೋಗುವಷ್ಟು ಬಾತಿತ್ತು.

"ಹೊಡೀತಾನಾ?" ಎಂದು ಕೇಳಿದೆ.

"ಹೊಡೀತಾನ. ದಿನಾ ಅಲ್ಲ," ಎಂದಳು. ಬೇವು ಬೆಲ್ಲ ಕೊಟ್ಟಳು.

ವಿರುಪಣ್ಣನನ್ನು ಕೇಳಿದರೆ, "ಹೂಳಿನಾಗ ಇಬ್ಬರ ಕೆಲಸ ಒಬ್ಬನ ಮಾಡ್ತಾನ. ನೀ ಹೇಳಿದ್ದಕ್ಕ ತಂದ ಆಳು. ಸುಮ್ಮನ ಓದಾಕ ಹೋಗು," ಎಂದ. ಮರುದಿನ ಬೆಳಿಗ್ಗೆ ನಾನು ಸುಮ್ಮನೆ ಬಳ್ಳಾರಿಗೆ ಹೊರಟೆ. ಕೊಟ್ರಪ್ಪ ಕಟ್ಟೆಯ ಮೇಲೆ ಕೂತು ಹಲ್ಲು ಉಜ್ಜುತ್ತಿದ್ದ. ಸಾಹುಕಾರರ ಮಗನ ಹಲ್ಲು ಉದುರಿಸಿದ ಶೂರ ನಾನು ಅವನ ಎದುರಿಗೆ ತಲೆ ತಗ್ಗಿಸಿ ನಡೆದೆ.

ಆ ವರ್ಷ ಹೊಳೆ ತಡವಾಗಿ ಬಂತು. ಬಂದ ನೀರೂ ತೆಳುವಾಗಿತ್ತು. ನಾಟಿ ಮಾಡಿದ ಗದ್ದೆಗಳೆಲ್ಲ ಬಾಯಿ ತೆರೆದು ಕಾಯುತ್ತಿದ್ದವು. ಶ್ರಾವಣದ ಒಂದು ಮಧ್ಯಾಹ್ನ ತರ್ಕಶಾಸ್ತ್ರದ ಪಾಠ ನಡೆದಿದ್ದಾಗ ಖಾದರ್‌ಸಾಬರು ಮೈತುಂಬ ಧೂಳಿನೊಂದಿಗೆ ಬಾಗಿಲಲ್ಲಿ ಬಂದು ನಿಂತರು. ರುಮಾಲು ತೆಗೆದು ಪ್ರಿನ್ಸಿಪಾಲರಿಗೆ ಸಲಾಂ ಮಾಡಿದರು.

"ತಮ್ಮಾ, ಏಳು. ನಿಮ್ಮ ಕಾಲುವಿ ಮ್ಯಾಲೆ ಹೊಡೆದಾಟ ಆಗೇತಿ. ನಿಮ್ಮಣ್ಣನ ಕಾಲು ಮುರದೈತಿ. ಆ ಕೊಟ್ರಪ್ಪ ಓಡಿಹೋದ."

"ಅಕ್ಕ?"

"ನಿಮ್ಮಕ್ಕ ಓಡ್ಲಿಲ್ಲ," ಎಂದರು ಖಾದರ್‌ಸಾಬರು.

ಅರ್ಧವರ್ಷದ ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ಅಷ್ಟರೊಳಗೆ ಬರದಿದ್ದರೆ ಹೆಸರು ಇರುವುದಿಲ್ಲ, ಫೀಜು ಮರಳುವುದಿಲ್ಲ ಎಂದು ಪ್ರಿನ್ಸಿಪಾಲರು ಹೇಳಿದ್ದು ನನ್ನ ಬೆನ್ನ ಹಿಂದೆ ಕೇಳಿಸಿತು.

ಕೊಳಗಲ್ಲು ದಾಟುವವರೆಗೆ ಖಾದರ್‌ಸಾಬರು ಎತ್ತುಗಳನ್ನು ಅವಸರದಿಂದ ಹೊಡೆದರು. ಆಮೇಲೆ ಹೇಳಿದರು. ಹೊಡೆದಾಟ ನಡೆದಾಗ ಅವರ ಗಾಡಿ ಕಾಲುವೆಯ ಪಕ್ಕದ ದಾರಿಯಲ್ಲೇ ಇತ್ತು, ಎಲ್ಲವನ್ನೂ ನೋಡಿದ್ದರು. ನಮ್ಮ ಸರದಿಯ ದಿನ. ಮೇಲಿನ ತೂಬಿನ ಮಲ್ಲನಗೌಡ ಮೂವರು ತಮ್ಮಂದಿರೊಂದಿಗೆ ಬಂದು ಕಾಲುವೆಗೆ ಅಡ್ಡ ಕಟ್ಟೆ ಹಾಕಿ ನೀರನ್ನು ತನ್ನ ಗದ್ದೆಗೆ ತಿರುಗಿಸಿದ. ವಿರುಪಣ್ಣ ಕಾಲುವೆಗೆ ಇಳಿದು ಕಟ್ಟೆ ಒಡೆಯತೊಡಗಿದ. ಮಲ್ಲನಗೌಡ ಗುದ್ದಲಿಯ ಹಿಂಬದಿಯಿಂದ ಅವನ ಮೊಣಕಾಲಿನ ಕೆಳಗೆ ಹೊಡೆದ. ಮೂಳೆ ಚರ್ಮ ಹರಿದು ಹೊರಗೆ ಬಂತು. ಅದನ್ನು ನೋಡಿದ ಕೊಟ್ರಪ್ಪ, ಕಲ್ಲು ಎತ್ತುವ ಕೊಟ್ರಪ್ಪ, ಗುದ್ದಲಿ ಎಸೆದು ಗದ್ದೆಯ ಪೈರು ತುಳಿಯುತ್ತ ಓಡಿಯೇ ಓಡಿದ.

"ನಿಮ್ಮಕ್ಕ ಆಗ ಬುತ್ತಿ ತಂದಿದ್ಲು. ಬುತ್ತಿ ಕೆಳಗಿಟ್ಟು, ಆ ಗುದ್ದಲಿ ತಗೊಂಡು ನೀರಿಗೆ ಇಳದ್ಲು. ಅಣ್ಣನ ಮ್ಯಾಲೆ ಅಡ್ಡ ನಿಂತ್ಲು. ಗೌಡ, ‘ಹೆಣ್ಣಮಗಳು, ಅತ್ತಾಗ ಸರಿಯವ್ವಾ’ ಅಂದ. ಆಕಿ ಸರೀಲಿಲ್ಲ ತಮ್ಮಾ, ಬೀಸಿದ್ಲು. ಗೌಡನ ತಲಿ ಇಷ್ಟುದ್ದ ಒಡೀತು. ತಮ್ಮಂದ್ರು ಆಕಿ ಎಡಗೈ ಮುರದ್ರು. ಒಂದ ಕೈಲೇ ಗುದ್ದಲಿ ತಿರುಗಿಸ್ಕೊಂತ ನಿಂತ್ಲು. ನೀರಗಂಟಿ ಊರವರನ್ನ ಕರ್ಕೊಂಡು ಬರೋತನ ಯಾರನ್ನೂ ಹತ್ರ ಬಿಡ್ಲಿಲ್ಲ."

ನೀರಗಂಟಿ ಅಂದರೆ ಕಾಲುವೆಯ ನೀರು ಹಂಚುವವನು. ಪೋಲೀಸರಿಗೆ ಯಾರೂ ಹೇಳಲಿಲ್ಲವಂತೆ. ಕಾಲುವೆಯ ಜಗಳ ಕಾಲುವೆಯಲ್ಲೇ ತೀರಬೇಕು ಎಂಬುದೂ ಹಳೆಯ ಕಟ್ಟಳೆಯೇ.

ನಾನು ಮನೆ ಮುಟ್ಟಿದಾಗ ಅಣ್ಣ ಕಾಲಿಗೆ ಬಿದಿರ ದಬ್ಬೆ ಕಟ್ಟಿಸಿಕೊಂಡು ನರಳುತ್ತ ಬಿದ್ದಿದ್ದ. ಅಕ್ಕನ ಎಡಗೈಗೂ ದಬ್ಬೆ. ಅವಳು ಬಲಗೈ ಒಂದರಲ್ಲೇ ರೊಟ್ಟಿ ತಟ್ಟಲು ಹೆಣಗುತ್ತಿದ್ದಳು. ಯಾರಿಗೆ ಎಂದು ನೋಡಿದರೆ, ಗೋಡೆಗೆ ಒರಗಿ ಕೊಟ್ರಪ್ಪ ಕೂತಿದ್ದ. ಆ ಬೆಳಿಗ್ಗೆಯೇ, ಏನೂ ಆಗದವನ ಹಾಗೆ ತಿರುಗಿ ಬಂದಿದ್ದನಂತೆ. ಅಪ್ಪ ಅವನ ಮುಖ ನೋಡಲಾರದೆ ಹೊರಗೆ ಹೋಗಿದ್ದ.

"ಎಷ್ಟೊತ್ತು ಒಂದ ರೊಟ್ಟಿಗೆ?" ಎಂದು ಕೊಟ್ರಪ್ಪ ಕೂತಲ್ಲಿಂದಲೇ ಕಾಲು ಚಾಚಿ ಅವಳ ಬೆನ್ನಿಗೆ ಒದ್ದ. ಅವಳು ಮುರಿದ ಕೈಯ ಮೇಲೆಯೇ ಬಿದ್ದಳು.

ನನಗೆ ಆಮೇಲಿನದು ಪೂರ್ತಿ ನೆನಪಿಲ್ಲ. ಬಾಗಿಲ ಹಿಂದಿನ ಗುದ್ದಲಿ ನನ್ನ ಕೈಯಲ್ಲಿತ್ತು. ಅದರ ಮರದ ಕಾವಿನಿಂದ ಹೊಡೆದ ಏಟಿಗೆ ಅವನ ಹೆಗಲ ಮೂಳೆ ಲಟಕ್ ಎಂದದ್ದು ಮಾತ್ರ ಕಿವಿಯಲ್ಲಿದೆ. ಗುದ್ದಲಿ ತಿರುಗಿಸಿ ಅಲಗು ಮುಂದೆ ಮಾಡಿ ಎರಡನೆಯ ಸಲ ಎತ್ತಿದೆ. ಅವನನ್ನು ಕೊಲ್ಲಬೇಕೆಂದೇ ಎತ್ತಿದ್ದು, ಅದರಲ್ಲಿ ಸಂಶಯವಿಲ್ಲ. ಅಕ್ಕ ನೆಲದಿಂದ ಎದ್ದು ನನ್ನ ಮಣಿಕಟ್ಟು ಹಿಡಿದಳು.

"ಒಂದ ಸಾಕು. ಬಿಡು."

"ಬಿಡಂಗಿಲ್ಲಕ್ಕಾ."

"ಈ ಕೈಗೆ ನಾ ಬೆಲಿ ಕೊಟ್ಟೀನಿ," ಎಂದಳು ಅಕ್ಕ. "ಜೇಲಿಗೆ ಕಳಸಾಕ ಕೊಟ್ಟಿಲ್ಲ."

ಗುದ್ದಲಿ ಕೆಳಗೆ ಬಿತ್ತು. ಕೊಟ್ರಪ್ಪ ಹೆಗಲು ಹಿಡಿದುಕೊಂಡು ಅಂಗಳ ದಾಟಿದ. ಕುರುಗೋಡಿಗೆ ಹೋದವನು ಮತ್ತೆ ನಮ್ಮ ಕಡೆ ಬರಲಿಲ್ಲ. ನಾನು ಬಚ್ಚಲ ಕಲ್ಲಿನ ಮೇಲೆ ಕೂತು ಅತ್ತೆ. ಅಳುವಾಗಲೂ ಎಣಿಸುತ್ತಿದ್ದೆ, ಪರೀಕ್ಷೆಗೆ ಇನ್ನೆಷ್ಟು ದಿನ ಎಂದು. ಅಂಥ ಮನುಷ್ಯ ನಾನು.

ನಮ್ಮ ಮುಂದಿನ ಸರದಿಗೆ ಎರಡು ದಿನ ಉಳಿದಿತ್ತು. ಕಾವಲಿನಲ್ಲಿ ಗಾಯಗೊಂಡವನ ಗುದ್ದಲಿ ಅವನು ವಾಸಿಯಾಗುವವರೆಗೆ ನಿಂತ ಹಾಗೆಯೇ ಲೆಕ್ಕ. ಆದ್ದರಿಂದ ಅಣ್ಣನದು ಇತ್ತು. ಓಡಿಹೋದ ಗುದ್ದಲಿ ಮಾತ್ರ ಸತ್ತಂತೆ. ಎರಡನೆಯದು ಇಲ್ಲದಿದ್ದರೆ ಅರ್ಧ ನೀರು, ನಾಟಿ ಮಾಡಿದ ಅರ್ಧ ಗದ್ದೆ ಸುಟ್ಟುಹೋಗುವುದು. ಅಪ್ಪ ನನ್ನನ್ನು ಕರೆದು ಕೂರಿಸಿಕೊಂಡ.

"ಓದಿದ್ದು ಸಾಕಪ್ಪಾ," ಎಂದ. "ನಿನ್ನ ಸಾಲಿ ನಮಗ ಬಾಳ ತುಟ್ಟಿ ಆತು. ಇಲ್ಲೇ ನಿಂದ್ರು."

ನಾನು ಆಗಲಿ ಎಂದೆ. ಮನಸ್ಸಿನಿಂದ ಅಂದದ್ದಲ್ಲ, ನಾಚಿಕೆಯಿಂದ. ಒಳಗಿನಿಂದ ಅಣ್ಣ, "ನಾ ಅವತ್ತ ಹೇಳಿದ್ದೆ," ಎಂದು ನರಳಿದ.

ಸರದಿಯ ದಿನ ಬೆಳಕು ಹರಿಯುತ್ತಲೇ ಗುದ್ದಲಿ ಹೊತ್ತು ತೂಬಿಗೆ ಹೋದೆ. ಕಾಲುವೆಯ ಪಾಲುದಾರರೆಲ್ಲ ದಂಡೆಯ ಮೇಲೆ ಸೇರಿದ್ದರು. ಮಲ್ಲನಗೌಡನೂ ಇದ್ದ, ತಲೆಗೆ ಅರಿಶಿನ ಹತ್ತಿದ ಬಟ್ಟೆ ಬಿಗಿದುಕೊಂಡು. ನೀರಗಂಟಿ ಮನೆಯ ಹೆಸರು ಕೂಗಿದ.

"ಒಂದು ಗುದ್ದಲಿ ವಿರುಪಣ್ಣಂದು, ಗಾಯದ ಲೆಕ್ಕದಾಗ. ಎರಡನೇದು ಯಾರು?"

ನಾನು ಬಾಯಿ ತೆರೆದೆ. ಹಿಂದಿನಿಂದ "ನಾನು" ಎಂದು ಕೇಳಿಸಿತು. ಅಕ್ಕ ಬಂದಿದ್ದಳು. ಎಡಗೈ ಕೊರಳಿಗೆ ಕಟ್ಟಿತ್ತು, ಬಲ ಹೆಗಲ ಮೇಲೆ ಗುದ್ದಲಿ ಇತ್ತು. ಸೆರಗು ಸೊಂಟಕ್ಕೆ ಬಿಗಿದಿದ್ದಳು.

ಯಾರೋ ನಕ್ಕರು. ಹಿರಿಯರೊಬ್ಬರು, "ಹೆಂಗಸರ ಗುದ್ದಲಿ ಎಂದಾರ ಲೆಕ್ಕಕ್ಕ ಬಂದೈತೇನವ್ವಾ? ನಿಮ್ಮ ತಮ್ಮ ಅದಾನಲ್ಲ, ಅವ ನಿಂದ್ರಲಿ," ಎಂದರು.

"ಅವ ನಾಳಿ ಬಳ್ಳಾರಿಗೆ ಹೋಗ್ತಾನ," ಎಂದಳು ಅಕ್ಕ.

ನೀರಗಂಟಿ ತಲೆ ಕೆರೆದುಕೊಂಡ. ಆಗದು, ಇಲ್ಲ, ರೂಢಿಯಲ್ಲಿಲ್ಲ ಎಂದು ನಾಲ್ಕು ಜನ ಒಟ್ಟಿಗೆ ಮಾತಾಡತೊಡಗಿದರು. ಅರ್ಧ ನೀರು ಎಂದು ನೀರಗಂಟಿ ಇನ್ನೇನು ಹೇಳಬೇಕು, ಅಷ್ಟರಲ್ಲಿ ಮಲ್ಲನಗೌಡ ಎದ್ದು ನಿಂತ. ನಾನು ಗುದ್ದಲಿ ಗಟ್ಟಿಯಾಗಿ ಹಿಡಿದೆ. ಅವನು ನನ್ನ ಕಡೆ ನೋಡಲಿಲ್ಲ. ತಲೆಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿದ. ಹಣೆಯಿಂದ ನೆತ್ತಿಯವರೆಗೆ ಬಿರಿದ ಗಾಯ ಇನ್ನೂ ಹಸಿಯಾಗಿತ್ತು.

"ಹೆಂಗಸಿನ ಗುದ್ದಲಿ ಲೆಕ್ಕಕ್ಕಿಲ್ಲಂದ್ರ ಇದನ್ನ ಯಾರು ಒಡದ್ರು?" ಎಂದ. "ಗಾಳಿ ಒಡೀತೇನು? ನಾವು ನಾಕು ಮಂದಿ ಆಕಿ ಮುಂದ ನಿಂತಿದ್ವಿ, ದಾಟಾಕ ಆಗ್ಲಿಲ್ಲ. ಲೆಕ್ಕಕ್ಕ ಹಿಡೀರಿ."

ಮಲ್ಲನಗೌಡ ಬಟ್ಟೆಯನ್ನು ಮತ್ತೆ ತಲೆಗೆ ಸುತ್ತಿಕೊಂಡು ಕೂತ. ಅವನು ನ್ಯಾಯಕ್ಕೆ ಹೇಳಿದನೋ, ಲೆಕ್ಕಕ್ಕೇ ಇಲ್ಲದವಳಿಂದ ತಲೆ ಒಡೆಸಿಕೊಂಡೆ ಎನ್ನಿಸಿಕೊಳ್ಳಲಾರದೆ ಹೇಳಿದನೋ ನನಗೆ ಇಂದಿಗೂ ಗೊತ್ತಿಲ್ಲ. ನೀರಗಂಟಿ, "ಎರಡು ಗುದ್ದಲಿ, ಪೂರ್ತಿ ನೀರು," ಎಂದು ಕೂಗಿ ತೂಬಿನ ಹಲಗೆ ಎತ್ತಿದ.

ಮರುದಿನ ಖಾದರ್‌ಸಾಬರ ಗಾಡಿ ನಮ್ಮ ಗದ್ದೆಯ ಪಕ್ಕದಲ್ಲಿ ನಿಂತಿತು. ಅಕ್ಕ ಬದುವಿನ ಮೇಲೆ ಒಂದೇ ಕೈಯಲ್ಲಿ ನೀರು ತಿರುಗಿಸಲು ಮಡೆ ಕಟ್ಟುತ್ತಿದ್ದಳು. ಕಾಲು ಮೊಣಕಾಲಿನವರೆಗೆ ಕೆಸರು. ನಾನು ಹತ್ತಿರ ಹೋಗಿ ನಿಂತೆ. ಕ್ಷಮಿಸು ಎಂದು ಕೇಳಬೇಕೆಂದಿದ್ದೆ, ಬಾಯಿಗೆ ಬಂದದ್ದು ಬೇರೆ.

"ಅಕ್ಕಾ, ಇಷ್ಟೆಲ್ಲಾ ಕೊಡೋವಷ್ಟು ಬೆಲಿ ಬಾಳ್ತೈತೇನು ಆ ಸಾಲಿ?"

ಅವಳು ಸೊಂಟ ನೇರ ಮಾಡಿದಳು. ಬಾತಿದ ಕೈಯನ್ನು ಒಮ್ಮೆ ನೋಡಿಕೊಂಡಳು. ಮೊಣಕೈಯ ಕೆಳಗೆ ಅದು ಆಗಲೇ ಸೊಟ್ಟಗೆ ಕೂಡಿಕೊಳ್ಳುತ್ತಿತ್ತು, ಮುಂದೆ ಕಡೆಯವರೆಗೂ ಹಾಗೆಯೇ ಉಳಿಯಿತು.

"ಬಾಳಂಗಿಲ್ಲ," ಎಂದಳು. "ಯಾವ ಸಾಲಿನೂ ಅಷ್ಟು ಬಾಳಂಗಿಲ್ಲ. ಆದ್ರ ಕೊಟ್ಟಾಗೇತಿ. ಹೋಗು, ಓದು."

ನಾನು ಗಾಡಿ ಹತ್ತಿದೆ. ಓದಿದೆ.